ಮೇಲುಕೋಟೆಗೆ ಹೊರಟಿದ್ದೀರಾ? ಮೊದಲು ಬೆಟ್ಟ ಹತ್ತಿ

ಬೆಂಗಳೂರಿಗರ ಭಾನುವಾರದ ಪ್ರವಾಸಕ್ಕೊಂದು ಹಳೇ ಚಾಳಿಯಿದೆ: ಶ್ರೀರಂಗಪಟ್ಟಣ, ನಿಮಿಷಾಂಬಾ, ಮೈಸೂರು ಅರಮನೆ, ಟೈಮ್ ಉಳಿದರೆ ಮೇಲುಕೋಟೆ. ಹೀಗೆ ಹೋದವರಿಗೆ ಸಿಗುವುದು ಮುಚ್ಚಿದ ಬಾಗಿಲು, ಕಾದ ಮೆಟ್ಟಿಲು. ಈ ಊರಿಗೆ ಒಂದಿಡೀ ದಿನ ಕೊಡಿ, ಅದೂ ಸಾಧ್ಯವಾದರೆ ವಾರದ ನಡುವೆ.

ದಿನ ಆರಿಸುವುದು

ಮಳೆಗಾಲ ಮುಗಿದು ಚಳಿ ಇರುವ ತಿಂಗಳುಗಳು ಒಳ್ಳೆಯವು. ಕೊಳಗಳಲ್ಲಿ ನೀರಿರುತ್ತದೆ, ಬೆಟ್ಟ ಹಸಿರಾಗಿರುತ್ತದೆ. ಫಾಲ್ಗುಣದಲ್ಲಿ ನಡೆಯುವ ವೈರಮುಡಿ ಉತ್ಸವದ ಲೆಕ್ಕವೇ ಬೇರೆ. ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುವ ವಜ್ರಖಚಿತ ಕಿರೀಟ ಅವತ್ತು ಪೊಲೀಸ್ ಕಾವಲಿನಲ್ಲಿ ಬರುತ್ತದೆ. ರಾತ್ರಿ ಗರುಡನ ಮೇಲೇರಿದ ಚೆಲುವನಾರಾಯಣ ಅದನ್ನು ಧರಿಸಿ ಬೀದಿಗಿಳಿಯುತ್ತಾನೆ. ಅದನ್ನೇ ನೋಡಬೇಕೆಂದರೆ ನೂಕುನುಗ್ಗಲಿಗೆ ಸಿದ್ಧರಾಗಿ ಹೋಗಿ. ಊರು ನೋಡಬೇಕೆಂದರೆ ಅವತ್ತು ಬೇಡವೇ ಬೇಡ.

ದಾರಿ

ಕಾರಿನವರಿಗೆ ಮೈಸೂರು ಎಕ್ಸ್‌ಪ್ರೆಸ್‌ವೇ ಸಲೀಸು. ಮಂಡ್ಯ ದಾಟಿ ಪಾಂಡವಪುರದ ಕಡೆ ತಿರುಗಿ, ಜಕ್ಕನಹಳ್ಳಿ ಮೇಲೆ ಹೋದರಾಯಿತು. ಬೈಕಿನವರನ್ನು 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬಿಡುವುದಿಲ್ಲ. ಅವರು ಸರ್ವೀಸ್ ರಸ್ತೆ ಹಿಡಿಯುವುದಕ್ಕಿಂತ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ನಾಗಮಂಗಲ ದಾರಿಯಲ್ಲಿ ಹೋಗುವುದು ವಾಸಿ. ನಾಗಮಂಗಲದಲ್ಲಿ ಹೊಯ್ಸಳರ ಸೌಮ್ಯಕೇಶವ ದೇವಾಲಯವನ್ನೂ ನೋಡಿದಂತಾಗುತ್ತದೆ. ಬಸ್ಸಿನವರು ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಮಂಡ್ಯಕ್ಕೆ ಹೋಗಿ ಅಲ್ಲಿ ಬಸ್ ಬದಲಿಸಬಹುದು. ಯಾವ ದಾರಿಯಾದರೂ ಸರಿ, ಕತ್ತಲಿರುವಾಗಲೇ ಕೆಂಗೇರಿ ಅಥವಾ ನೆಲಮಂಗಲ ದಾಟಿಬಿಡಿ. ನಗರದ ಟ್ರಾಫಿಕ್‌ಗಿಂತ ಹೆಚ್ಚಾಗಿ ಬೆಟ್ಟದ ಬಿಸಿಲಿಗೆ ಹೆದರಬೇಕು.

ಬೆಟ್ಟ

ತಲುಪಿದ ಕೂಡಲೇ ಯೋಗನರಸಿಂಹನ ಬೆಟ್ಟ ಹತ್ತಿ. ಮೆಟ್ಟಿಲುಗಳು ಕಡಿದಾಗಿವೆ, ಆದರೆ ನಡುವೆ ಮಂಟಪಗಳಿವೆ. ಹಿರಿಯರೂ ಕೂತು ಕೂತು ಹತ್ತುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರಬಾರದು. ಅದರೊಳಗೆ ಬಾಳೆಹಣ್ಣಿದೆಯೋ ಮೊಬೈಲಿದೆಯೋ ಎಂದು ಅಲ್ಲಿನ ಕೋತಿಗಳು ವಿಚಾರಿಸುವುದಿಲ್ಲ. ಪ್ರಹ್ಲಾದನೇ ಸ್ಥಾಪಿಸಿದ ಮೂರ್ತಿ ಇದೆಂದು ಸ್ಥಳಪುರಾಣ. ಟಿಪ್ಪು ಸುಲ್ತಾನ್ ಕೊಟ್ಟದ್ದೆನ್ನುವ ದೊಡ್ಡ ನಗಾರಿಯೊಂದು ಇಲ್ಲಿದೆ, ಕೇಳಿ ನೋಡಿ. ದರ್ಶನವಾದ ಮೇಲೆ ತಕ್ಷಣ ಇಳಿಯಬೇಡಿ. ಕೆಳಗೆ ಕಲ್ಯಾಣಿ, ಹೆಂಚಿನ ಮನೆಗಳ ಸಾಲು, ಚೆಲುವನಾರಾಯಣನ ಗೋಪುರ, ಆಚೆ ಬಂಡೆಗಳ ನಡುವೆ ಪುಟ್ಟ ಪುಟ್ಟ ಕೊಳ. ಊರಿನ ನಕ್ಷೆ ಇಲ್ಲೇ ತಲೆಗೆ ಹೋಗುತ್ತದೆ; ಆಮೇಲೆ ಗೂಗಲ್ ಬೇಕಾಗುವುದಿಲ್ಲ.

ಗುಡಿ

ಇಳಿದು ನೇರ ಚೆಲುವನಾರಾಯಣನ ಗುಡಿಗೆ ಬನ್ನಿ, ಮಧ್ಯಾಹ್ನ ಬಾಗಿಲು ಹಾಕುವ ಮುಂಚೆ. ಹನ್ನೆರಡನೇ ಶತಮಾನದಲ್ಲಿ ತಮಿಳು ನಾಡಿನಿಂದ ಬಂದ ರಾಮಾನುಜಾಚಾರ್ಯರು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಇಲ್ಲಿ ವರ್ಷಗಟ್ಟಲೆ ನೆಲೆಸಿದ್ದರು. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ಅವರು ದೆಹಲಿಯಿಂದ ತಂದರೆಂದೂ, ಮೂರ್ತಿಯನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂದೆಯೇ ಬಂದಳೆಂದೂ ಐತಿಹ್ಯ. ಆ ಬೀಬಿ ನಾಚ್ಚಿಯಾರ್‌ಗೆ ಇವತ್ತಿಗೂ ಸ್ವಾಮಿಯ ಪಾದದ ಬಳಿ ಜಾಗವಿದೆ. ಮೂರ್ತಿ ತರಲು ನೆರವಾದ ದಲಿತರನ್ನು ಆಚಾರ್ಯರು ‘ತಿರುಕುಲತ್ತಾರ್’ ಎಂದು ಕರೆದು, ವರ್ಷದಲ್ಲಿ ಕೆಲವು ದಿನ ಗುಡಿಯೊಳಗೆ ಬರುವ ಹಕ್ಕು ಕೊಟ್ಟರೆಂದು ಹೇಳುತ್ತಾರೆ. ವರ್ಷವಿಡೀ ಏಕಲ್ಲ ಎಂಬ ಪ್ರಶ್ನೆ ಇಂದಿನವರಿಗೆ ಏಳುತ್ತದೆ, ಏಳಲೂ ಬೇಕು. ಯದುಗಿರಿ ನಾಚ್ಚಿಯಾರ್ ಗುಡಿಯ ಕಂಬಗಳ ಕೆತ್ತನೆಗೆ ಬಿಡುವಾಗಿ ಹೊತ್ತು ಕೊಡಿ. ಕಂಬವೊಂದರ ಮೇಲಿರುವ ರಾಜ ಒಡೆಯರ ಉಬ್ಬುಶಿಲ್ಪವನ್ನು ಹುಡುಕಿ. ಮೈಸೂರಿನ ಈ ಅರಸರು ಕೊಟ್ಟ ‘ರಾಜಮುಡಿ’ ಕಿರೀಟಕ್ಕೂ ಇಲ್ಲಿ ಪ್ರತ್ಯೇಕ ಉತ್ಸವವಿದೆ.

ಊಟ, ಬೀದಿ, ಕೊಳ

ಪುಳಿಯೋಗರೆ, ಸಕ್ಕರೆ ಪೊಂಗಲ್ ತಿನ್ನದೆ ಬಂದರೆ ಮನೆಯವರೇ ನಂಬುವುದಿಲ್ಲ. ಬಿಸಿಲಿಳಿಯುವವರೆಗೆ ಬೀದಿಗಳಲ್ಲಿ ಅಡ್ಡಾಡಿ. ಕೈಮಗ್ಗದ ಪಂಚೆ ಕೊಳ್ಳಬಹುದು. ಕವಿ ಪು.ತಿ.ನ. 1905ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಅವರ ಮನೆ ಈಗ ಸ್ಮಾರಕ. ನಂತರ ಅಕ್ಕ ತಂಗಿ ಕೊಳ. ಪಕ್ಕಪಕ್ಕದಲ್ಲೇ ಇದ್ದರೂ ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದ್ದು ಅಲ್ಲ ಎನ್ನುತ್ತಾರೆ. ಯಾವುದು ಯಾರದೆಂದು ಸ್ಥಳೀಯರನ್ನೇ ಕೇಳಿ, ಕತೆಯೂ ಸಿಗುತ್ತದೆ. ಅಲ್ಲಿಂದ ರಾಯಗೋಪುರ: ಕೆಲಸ ಅರ್ಧಕ್ಕೇ ನಿಂತ ಎತ್ತರದ ಕಂಬಗಳು. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾಯಿತೆಂಬ ಮಾತಿದೆ. ಪ್ರೀ ವೆಡ್ಡಿಂಗ್ ಫೋಟೊದವರ ಕಾಟ ಇಲ್ಲಿ ಜಾಸ್ತಿ. ಧನುಷ್ಕೋಟಿಗೆ ನಡೆದರೆ ಜನ ಕಡಿಮೆ. ಸೀತೆಯ ಬಾಯಾರಿಕೆಗೆ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಜಾಗವಂತೆ.

ಕಾಡು

ಸುತ್ತಲಿನ ಕುರುಚಲು ಕಾಡು 1974ರಲ್ಲೇ ವನ್ಯಜೀವಿಧಾಮವಾಯಿತು, ಸುಮಾರು 50 ಚದರ ಕಿಲೋಮೀಟರ್. ತೋಳಗಳ ನೆಲೆ. ಅವು ಕಾಣುವ ಆಸೆ ಇಟ್ಟುಕೊಳ್ಳಬೇಡಿ, ನವಿಲು ಸಿಗುತ್ತದೆ. ಇಲ್ಲಿ ಒಲೆ ಹಚ್ಚುವುದು, ಬಾಟಲಿ ಎಸೆಯುವುದು ಕೂಡದು.

ಮರಳುವಾಗ ಪಾಂಡವಪುರದ ದಾರಿಯಲ್ಲಿ ತೊಣ್ಣೂರು ಕೆರೆಗೆ ತಿರುಗಿ. ರಾಮಾನುಜರ ನಂಟಿರುವ ಊರದು, ನಂಬಿನಾರಾಯಣನ ಗುಡಿಯಿದೆ. ಕೆರೆ ಆಳವಿದೆ, ಈಜಲು ಇಳಿಯಬೇಡಿ. ಭಾನುವಾರವಾಗಿದ್ದರೆ ಸಂಜೆ ಬಿಡದಿಯಿಂದಲೇ ವಾಹನಗಳ ಸಾಲು ಶುರುವಾಗುತ್ತದೆ. ಮಂಡ್ಯದಲ್ಲೇ ಊಟ ಮುಗಿಸಿ ತಡವಾಗಿ ಹೊರಡಿ.