ಐಪಾಡ್ ಹೊಟ್ಟೆಯ ಡಿಸ್ಕಿನಲ್ಲಿ ಒಂಬತ್ತು ರಾತ್ರಿಯ ಆಟ

ಕಳೆದ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಂಬತ್ತು ಯಕ್ಷಗಾನ ಬಯಲಾಟಗಳನ್ನು ಮೊದಲ ಚಂಡೆಪೆಟ್ಟಿನಿಂದ ಮಂಗಳದವರೆಗೆ ಧ್ವನಿಮುದ್ರಿಸಿಕೊಂಡಿದ್ದೇನೆ. ಒಂಬತ್ತೂ ಇರುವುದು ಇಸ್ಪೀಟು ಎಲೆಗಿಂತ ಚಿಕ್ಕದಾದ, ಐವತ್ತು ಗ್ರಾಂ ತೂಗುವ ಒಂದು ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಕಿತ್ತದ್ದು ಸತ್ತ ಐಪಾಡ್ ಒಂದರಿಂದ. ಪಕ್ಕದ ಅಂಗಡಿಯ ಮೊಬೈಲ್ ರಿಪೇರಿಯವನು ಎರಡು ವರ್ಷ ನನ್ನನ್ನು ನೋಡಿ ನಕ್ಕವನು. ಮೊನ್ನೆ ತನ್ನ ಹಳೆಯ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟು, 'ಇದರ ಡಿಸ್ಕಿಗೂ ಏನಾದರೂ ಗತಿ ಕಾಣಿಸು' ಎಂದು ಹೋಗಿದ್ದಾನೆ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಉತ್ತರ ಕನ್ನಡದ ಒಂದು ಸಣ್ಣ ಪೇಟೆಯಲ್ಲಿ ಟಿವಿ, ಮಿಕ್ಸರ್, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಆಟದ ಹುಚ್ಚು ಮನೆಯಿಂದಲೇ ಬಂದದ್ದು. ಮೊದಲು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ನಡುರಾತ್ರಿ ಯಾರಾದರೂ ಕರೆ ಮಾಡಿದರೆ ರೆಕಾರ್ಡಿಂಗ್ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದಕ್ಕೊಂದು ಯುಎಸ್‌ಬಿ ಸೌಂಡ್ ಕಾರ್ಡ್, ಮೈಕು ಹಾಕಿ ಪೆಟ್ಟಿಗೆ ಕಟ್ಟಿದೆ. ಶೇಖರಣೆಗೆ 64 ಜಿಬಿಯ ಮೆಮೊರಿ ಕಾರ್ಡ್, ಐನೂರು ರೂಪಾಯಿಯ ಸುಮಾರು. ಮೊದಲ ಎರಡು ಆಟ ಚೆನ್ನಾಗಿ ಬಂದವು. ಮೂರನೆಯದನ್ನು ಮನೆಯಲ್ಲಿ ಹಾಕಿ ಕೇಳಿದರೆ ಅರ್ಧ ರಾತ್ರಿಯ ನಂತರ ಬರೀ ಕಸ. ಪರೀಕ್ಷಿಸಿ ನೋಡಿದಾಗ ಅದು 64ರ ವೇಷ ಹಾಕಿದ 8 ಜಿಬಿಯ ಕಾರ್ಡ್. ಎಂಟು ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗಿತ್ತು. ಮಾರಿದವನು ಬಿಲ್ ಕೇಳಿದ, ನನ್ನ ಬಳಿ ಇರಲಿಲ್ಲ. ಇನ್ನೆರಡು ಕಾರ್ಡುಗಳು ಪೆಟ್ಟಿಗೆಗೆ ಆಗಾಗ ವಿದ್ಯುತ್ ತಪ್ಪಿ ಸತ್ತವು. ಕಾರ್ಡಿನ ಸಹವಾಸ ಸಾಕೆನಿಸಿತು.

ಅದೇ ಹೊತ್ತಿಗೆ ಅಮೆರಿಕದಿಂದ ಬಂದ ಸೋದರಳಿಯ ಕಸಕ್ಕೆ ಹಾಕಲು ಹೊರಟ ಐಪಾಡ್ ಕೈಗೆ ಸಿಕ್ಕಿತು. 2005ರಲ್ಲಿ ಬಂದ ಮಾದರಿ, ವಿಡಿಯೊ ತೋರಿಸುವಂಥದು, 30 ಜಿಬಿ. ಪರದೆ ಒಡೆದಿತ್ತು, ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. ಬೆನ್ನಿನ ಉಕ್ಕಿನ ಮುಚ್ಚಳವನ್ನು ಬಿದಿರಿನ ಸೀಳಿನಿಂದ ಎಬ್ಬಿಸಿದೆ. ಸ್ಕ್ರೂಡ್ರೈವರ್ ಹಾಕಿದರೆ ಉಬ್ಬಿದ ಬ್ಯಾಟರಿಗೆ ಚುಚ್ಚುವ ಭಯ. ಒಳಗೆ ನೀಲಿ ರಬ್ಬರ್ ಹೊದ್ದು ಮಲಗಿತ್ತು ತೋಷಿಬಾದ 1.8 ಇಂಚಿನ ಡಿಸ್ಕ್, 4200 ಆರ್‌ಪಿಎಂ, ಐದು ಮಿಲಿಮೀಟರ್ ದಪ್ಪ.

ಆ ಡಿಸ್ಕನ್ನು ನಾನು ಒಂದೇ ದಿನದಲ್ಲಿ ಕೊಂದೆ. ಈ ಜಾತಿಯ ಡಿಸ್ಕಿಗೆ ರಿಬ್ಬನ್ ಕೇಬಲಿನ ಝಿಫ್ ಕನೆಕ್ಟರ್. ಅದನ್ನು ಲ್ಯಾಪ್‌ಟಾಪಿನ 44 ಪಿನ್ನಿಗೆ ಬದಲಾಯಿಸುವ ಸಣ್ಣ ಬೋರ್ಡ್ ತರಿಸಿದ್ದೆ. ಬೋರ್ಡಿನ ಮೇಲೆ 3.3 ಅಥವಾ 5 ವೋಲ್ಟ್ ಆರಿಸುವ ಜಂಪರ್ ಇರುತ್ತದೆ. ಡಿಸ್ಕಿಗೆ ಬೇಕಾದದ್ದು 3.3, ನನಗೆ ಬಂದದ್ದು 5ರಲ್ಲಿತ್ತು. ನೋಡಲಿಲ್ಲ. ಒಂದು ಸಲ 'ಟಿಕ್' ಎಂದಿತು, ವಾಸನೆ ಬಂತು, ಅಷ್ಟೇ. ಮೂವತ್ತು ವರ್ಷ ಮಲ್ಟಿಮೀಟರ್ ಹಿಡಿದವನಿಗೆ ಇಂಥ ತಪ್ಪು! ಎರಡು ದಿನ ಯಾರಿಗೂ ಹೇಳಲಿಲ್ಲ.

ಎರಡನೆಯ ಐಪಾಡ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು. 'ಆನ್ ಆಗುವುದಿಲ್ಲ' ಎಂದು ಮೊದಲೇ ಹೇಳಿ 450ಕ್ಕೆ ಕೊಟ್ಟರು. ಆನ್ ಆಗುವುದು ನನಗೆ ಬೇಕೂ ಇರಲಿಲ್ಲ. ಈ ಸಲ ಜಂಪರ್ ನೋಡಿದೆ, ವೋಲ್ಟೇಜ್ ಅಳೆದೆ, ಮತ್ತೆ ಅಳೆದೆ. ಆದರೆ ಝಿಫ್‌ನ ಕಂದು ಬಣ್ಣದ ಚಿಲಕ ಎತ್ತುವಾಗ ಮುರಿಯಿತು. ಅದು ಉಗುರಿನ ಚೂರಿಗಿಂತ ತೆಳ್ಳಗಿರುತ್ತದೆ. ರಿಬ್ಬನ್ ಒಳಗಿಟ್ಟು, ಮೇಲಿಂದ ಬೆಂಕಿಪೆಟ್ಟಿಗೆಯ ರಟ್ಟಿನ ಸಣ್ಣ ತುಂಡನ್ನು ಬೆಣೆಯಂತೆ ತುರುಕಿದೆ. ತಾತ್ಕಾಲಿಕ ಎಂದುಕೊಂಡಿದ್ದೆ, ಇಂದಿಗೂ ಅದೇ ಇದೆ.

ಡಿಸ್ಕಿನ ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್ ಪ್ರೋಗ್ರಾಮಿನ ಬರೆದು ನೋಡುವ ಪರೀಕ್ಷೆಗೆ ಸುಮಾರು ಇಡೀ ಹಗಲು ಹಿಡಿಯಿತು. ಕೊನೆಯ ಭಾಗದಲ್ಲಿ ಹುಳುಕಿತ್ತು. ಹುಳುಕಿನ ಹಿಂದೆ ಒಂದಷ್ಟು ಗಡಿ ಬಿಟ್ಟು, ಒಳ್ಳೆಯ 27 ಜಿಬಿಗೆ ಮಾತ್ರ ಪಾರ್ಟಿಷನ್ ಮಾಡಿದೆ. 48 ಕಿಲೋಹರ್ಟ್ಸ್, 16 ಬಿಟ್, ಮೊನೊ ಲೆಕ್ಕದಲ್ಲಿ ಗಂಟೆಗೆ 345 ಎಂಬಿ. ಎಂಟೆಂಟೂವರೆ ಗಂಟೆಯ ಆಟಕ್ಕೆ ಮೂರು ಜಿಬಿಯ ಒಳಗೆ. ಎಂಪಿ3 ಮಾಡಿದ್ದರೆ ಇದರ ಹತ್ತು ಪಟ್ಟು ಹಿಡಿಸಬಹುದಿತ್ತು. ಆದರೆ ಚಂಡೆಯ ಉರುಳಿಕೆ ಎಂಪಿ3ಯಲ್ಲಿ ಜರಡಿ ಹಿಡಿದಂತೆ ಕೇಳುತ್ತದೆ, ನನಗೆ ಆಗುವುದಿಲ್ಲ.

ಪೆಟ್ಟಿಗೆ ಹೊರಗೆ ಹೋಗುವ ಮೊದಲೇ ಎಲ್ಲರ ಅಭಿಪ್ರಾಯ ಸಿಕ್ಕಿತ್ತು. ಧ್ವನಿವರ್ಧಕದ ಹುಡುಗ 'ತಿರುಗುವ ವಸ್ತು, ಕರೆಂಟ್ ಹೋದರೆ ಓದಿ ಬರೆಯುವ ಹೆಡ್ ತಟ್ಟೆಗೆ ಬಡಿಯುತ್ತದೆ' ಎಂದ. ಬಡಿಯುವುದಿಲ್ಲ. ಕರೆಂಟ್ ತಪ್ಪಿದ ಕ್ಷಣ ಇನ್ನೂ ತಿರುಗುತ್ತಿರುವ ತಟ್ಟೆಯ ಮೋಟಾರೇ ಜನರೇಟರ್ ಆಗುತ್ತದೆ, ಆ ಚೂರು ವಿದ್ಯುತ್ತಿನಲ್ಲೇ ಹೆಡ್ ಹಿಂದೆ ಸರಿದು ಪಕ್ಕದ ಇಳಿಜಾರಿನ ಮೇಲೆ ಕೂರುತ್ತದೆ. ಅವನಿಗೆ ಇದನ್ನು ಹೇಳಿದರೆ ನಂಬಲಿಲ್ಲ. ಅವನ ಎದುರೇ ಹನ್ನೆರಡು ಸಲ ವಯರ್ ಕಿತ್ತು ತೋರಿಸಿದೆ. ಹದಿಮೂರನೆಯದಕ್ಕೆ ನನಗೇ ಧೈರ್ಯ ಸಾಲಲಿಲ್ಲ.

ನಿಜವಾದ ತೊಂದರೆ ಬೇರೆ ಕಡೆಯಿಂದ ಬಂತು. ಮೊದಲ ಪ್ರಯೋಗ ಅಂಗಡಿಯಲ್ಲೇ, ರಾತ್ರಿ. ಕೇಳಿದರೆ ಕೆಳಗೆ ಒಂದು ಗುಂಯ್ ನಾದ, ಯಾರೋ ದೂರದಲ್ಲಿ ಶ್ರುತಿಪೆಟ್ಟಿಗೆ ಒತ್ತಿ ಹಿಡಿದಂತೆ. ಕಂಪ್ಯೂಟರಿನಲ್ಲಿ ಧ್ವನಿಯ ವರ್ಣಪಟಲ (ಯಾವ ಕಂಪನ ಎಷ್ಟಿದೆ ಎಂಬ ಚಿತ್ರ) ತೆಗೆದರೆ 70 ಹರ್ಟ್ಸ್‌ನಲ್ಲಿ ಸೂಜಿಯಂತೆ ನೆಟ್ಟಗೆ ನಿಂತಿದೆ. ನಿಮಿಷಕ್ಕೆ 4200 ಸುತ್ತು ಎಂದರೆ ಸೆಕೆಂಡಿಗೆ 70. ಡಿಸ್ಕ್ ತಾನೇ ಹಾಡುತ್ತಿತ್ತು.

ಪರಿಹಾರ ಕೊಟ್ಟದ್ದು ಐಪಾಡೇ. ಅದು ಹಾಡಿನ ಮುಂದಿನ ಭಾಗವನ್ನೆಲ್ಲ ತನ್ನ 32 ಎಂಬಿ ಮೆಮೊರಿಗೆ ಒಮ್ಮೆಲೇ ಎಳೆದುಕೊಂಡು ಡಿಸ್ಕನ್ನು ಮಲಗಿಸುತ್ತಿತ್ತು, ಬ್ಯಾಟರಿ ಉಳಿಯಲಿ ಎಂದು. ನಾನು ಅದನ್ನೇ ತಿರುಗಿಸಿದೆ. ಪೈ ಝೀರೋದಲ್ಲಿ 512 ಎಂಬಿ ಇದೆ. ಅದರಲ್ಲಿ ಟಿಎಂಪಿಎಫ್‌ಎಸ್ (ಮೆಮೊರಿಯೊಳಗೇ ಫೈಲ್ ಇಡುವ ತಾತ್ಕಾಲಿಕ ಜಾಗ) ಮಾಡಿ, 200 ಎಂಬಿಯ ತುಂಡುಗಳಾಗಿ ರೆಕಾರ್ಡ್ ಮಾಡುತ್ತೇನೆ. ಒಂದು ತುಂಡಿಗೆ ಮೂವತ್ತೈದು ನಿಮಿಷ. ತುಂಬಿದ ಮೇಲೆ ಡಿಸ್ಕ್ ಎದ್ದು, ಹದಿನೈದು ಸೆಕೆಂಡಿನಲ್ಲಿ ನುಂಗಿ, ಮತ್ತೆ ಮಲಗುತ್ತದೆ. ಬೂಟ್ ಆಗಲು ಒಂದು ಹಳೆಯ ಕಾರ್ಡ್ ಇದೆ, ಅದರ ಮೇಲೆ ಲಾಗ್ ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ. ಯುಎಸ್‌ಬಿ ಬ್ರಿಡ್ಜಿನ (ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಐಡಿಇ ಪರಿವರ್ತಕದ) ಹಿಂದಿರುವ ಡಿಸ್ಕನ್ನು ಮಲಗಿಸುವುದು ಸುಲಭವಲ್ಲ, ನನ್ನದು ಡಿಸ್ಕಿಗೆ ಆಜ್ಞೆ ಕೊಡುವ ಹೆಚ್‌ಡಿಪಾರ್ಮ್ ಪ್ರೋಗ್ರಾಮಿನ ಮಾತನ್ನು ಕೇಳಲೇ ಇಲ್ಲ. ನಾನು ಹೇಗೆ ಒಪ್ಪಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹುಡುಕಿದವರಿಗೆ ಸಿಗುತ್ತದೆ.

ಅಂಗಡಿಯಲ್ಲಿ ನಾಲ್ಕು ರಾತ್ರಿ ಸರಿಯಾಗಿ ನಡೆಯಿತು. ಐದನೆಯ ರಾತ್ರಿ ಗದ್ದೆಬಯಲಿನ ಆಟಕ್ಕೆ ಒಯ್ದೆ. ಭಾಗವತರಲ್ಲಿ ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದೆ, ಮನೆಯಲ್ಲಿ ಕೇಳಲು ಮಾತ್ರ ಎಂದು. ಯಾವಾಗಲೂ ಹಾಗೆಯೇ ಕೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಮನೆಗೆ ಬಂದು ನಿದ್ದೆಗಣ್ಣಿನಲ್ಲೇ ಡಿಸ್ಕ್ ತೆರೆದರೆ ಒಂದೂ ಫೈಲ್ ಇಲ್ಲ. ಸೊನ್ನೆ. ಪೈ ತಾನೇ ಬರೆದಿಡುವ ದಿನಚರಿ, ಅಂದರೆ ಲಾಗ್ ಓದಿದ ಮೇಲೆ ಅರ್ಥವಾಯಿತು. ಅಂಗಡಿಯಲ್ಲಿ ದಪ್ಪ ವಯರಿನ ಪವರ್ ಸಪ್ಲೈ, ಬಯಲಿನಲ್ಲಿ ಪವರ್ ಬ್ಯಾಂಕು ಮತ್ತು ನೂಲಿನಂಥ ಕೇಬಲ್. ಡಿಸ್ಕ್ ಏಳುವಾಗ ಎಳೆಯುವ ಕರೆಂಟಿಗೆ ವೋಲ್ಟೇಜ್ ಕುಸಿದು ಪೈ ರೀಬೂಟ್ ಆಗುತ್ತಿತ್ತು. ರೀಬೂಟ್ ಆದರೆ ಮೆಮೊರಿಯಲ್ಲಿದ್ದ ಮೂವತ್ತೈದು ನಿಮಿಷವೂ ಹೋಯಿತು. ಮತ್ತೆ ಮೊದಲಿಂದ ರೆಕಾರ್ಡ್, ಮತ್ತೆ ಮೂವತ್ತೈದು ನಿಮಿಷಕ್ಕೆ ಕುಸಿತ. ಇಡೀ ರಾತ್ರಿ ಪೆಟ್ಟಿಗೆ ಶ್ರದ್ಧೆಯಿಂದ ಕೇಳಿಸಿಕೊಂಡು ಶ್ರದ್ಧೆಯಿಂದ ಮರೆಯುತ್ತಿತ್ತು. ಆ ದಿನದ ಭಾಮಿನಿ ಷಟ್ಪದಿಗಳು ಇನ್ನೆಲ್ಲಿ ಸಿಗಬೇಕು? ಡಿಸ್ಕಿಗೆ ಪ್ರತ್ಯೇಕ ಗಿಡ್ಡ ವಯರ್ ಎಳೆದು, ಅದರ ಬುಡದಲ್ಲಿ 4700 ಮೈಕ್ರೊಫ್ಯಾರಡ್ ಕಪ್ಯಾಸಿಟರ್ ಕೂರಿಸಿದೆ. ಹಳೆಯ ಆಂಪ್ಲಿಫೈಯರಿನದು, ಖರ್ಚಿಲ್ಲ. ಆಮೇಲೆ ಒಮ್ಮೆಯೂ ಬಿದ್ದಿಲ್ಲ.

ಇನ್ನೊಂದು ತಪ್ಪು ಇಬ್ಬನಿಯದು. ಜನವರಿಯ ರಾತ್ರಿ ಪೆಟ್ಟಿಗೆಯ ಮೇಲೆ ನೀರು ಇಳಿಯುವುದನ್ನು ನೋಡಿ, ಡಿಸ್ಕಿನ ಮೈಮೇಲಿನ ಸಣ್ಣ ಉಸಿರುತೂತಿಗೆ ಟೇಪ್ ಹಚ್ಚಲು ಹೊರಟಿದ್ದೆ. ಪಕ್ಕದಲ್ಲಿ 'ಮುಚ್ಚಬೇಡಿ' ಎಂದು ಅಚ್ಚಾಗಿರುವುದು ಕನ್ನಡಕ ಹಾಕಿದ ಮೇಲೆ ಕಂಡಿತು. ಹೆಡ್ ತೇಲುವುದೇ ಗಾಳಿಯ ಮೇಲೆ, ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗಲು ಆ ತೂತು ಬೇಕು. ತೂತನ್ನು ಬಿಟ್ಟು, ಇಡೀ ಸಾಮಾನನ್ನು ಅಜ್ಜನ ಹಿತ್ತಾಳೆಯ ಕವಳದ (ಎಲೆ-ಅಡಿಕೆಯ) ಪೆಟ್ಟಿಗೆಯೊಳಗೆ ಹಾಕಿ ಮೇಲೊಂದು ಪಂಚೆ ಸುತ್ತಿದೆ. ಪೈಯ ಬಿಸಿಗೆ ಒಳಗೆ ಬೆಚ್ಚಗಿರುತ್ತದೆ, ಇಬ್ಬನಿ ಹಿಡಿಯುವುದಿಲ್ಲ.

ಚಂಡೆಗೆ ಹತ್ತಿರ ಇಟ್ಟ ದಿನ ಒಂದು ವಿಚಿತ್ರ ನೋಡಿದೆ. ಹದಿನೈದು ಸೆಕೆಂಡಿನ ಬರವಣಿಗೆ ಯುದ್ಧದ ಸನ್ನಿವೇಶದಲ್ಲಿ ನಲವತ್ತು ಸೆಕೆಂಡು ದಾಟಿತ್ತು. ಸದ್ದಿನ ಅದುರಾಟಕ್ಕೆ ಹೆಡ್ ಜಾಡು ತಪ್ಪುತ್ತದೆ, ಮತ್ತೆ ಹುಡುಕಿ ಬರೆಯುತ್ತದೆ. ಈಗ ಮೈಕನ್ನು ಮಾತ್ರ ಮುಂದಿಟ್ಟು ಪೆಟ್ಟಿಗೆಯನ್ನು ಎಂಟು ಅಡಿ ಹಿಂದಿಡುತ್ತೇನೆ. ಡಿಸ್ಕಿನ ಕೆಳಗೊಂದು ಮೆತ್ತೆಯೂ ಇದೆ. ಸ್ಪಂಜು, ರಬ್ಬರ್, ಥರ್ಮಕೋಲ್ ಮೂರೂ ಸೋತ ಮೇಲೆ ಸಿಕ್ಕಿದ್ದು. ಅದು ಯಾವುದೆಂದು ಹೇಳುವುದಿಲ್ಲ. ಅಡಿಕೆ ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ ಎಂದರೆ ಸಾಕಲ್ಲವೇ?

ಸುಟ್ಟ ಮೊದಲ ಡಿಸ್ಕನ್ನೂ ಎಸೆಯಲಿಲ್ಲ. ಮುಚ್ಚಳ ತೆಗೆದು, ಹೆಡ್ ಅಲ್ಲಾಡಿಸುವ ಸುರುಳಿಯ ಎರಡು ತುದಿಗೆ ಆಂಪ್ಲಿಫೈಯರ್ ಕೊಟ್ಟೆ. ಹಾಡಿತು! ತಾಳ, ಚಂಡೆ ಸ್ಪಷ್ಟ. ವೇಷಧಾರಿಯ ಅರ್ಥಗಾರಿಕೆಯ ಮಾತು ಮಾತ್ರ ನೆಗಡಿಯಾದವನು ಮಾತನಾಡಿದಂತೆ. ಮಕ್ಕಳು ಒಂದು ವಾರ ಅಂಗಡಿ ಬಿಟ್ಟು ಹೋಗಲಿಲ್ಲ. ಮೋಟಾರಿಗೆ ಡ್ರೋನ್‌ನ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡ್) ಕೊಟ್ಟು ತಟ್ಟೆಗೆ ಪಾಲಿಶ್ ಕಾಗದ ಅಂಟಿಸಿ ಚೂರಿ ಮಸೆಯಲು ನೋಡಿದೆ, ಚೂರಿ ಮುಟ್ಟಿದ ಕೂಡಲೇ ನಿಂತಿತು. ಅದಕ್ಕೆ ದೊಡ್ಡ 3.5 ಇಂಚಿನದೇ ಬೇಕು. ಆಯಸ್ಕಾಂತವನ್ನು ಪಕ್ಕದ ಬಡಗಿ ಒಯ್ದಿದ್ದಾನೆ, ಹಳೆಯ ತೊಲೆಯಲ್ಲಿ ಮೊಳೆ ಅಡಗಿದೆಯೇ ಎಂದು ನೋಡಲು. ಒಂದು ಎಚ್ಚರಿಕೆ ಹೇಳಲೇಬೇಕು. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಲೋಹದಂತೆ ಹೊಳೆದರೂ ಬಹಳಷ್ಟು ಗಾಜಿನವು. ಹಿಂದೊಮ್ಮೆ ಕನ್ನಡಿ ಮಾಡಲೆಂದು ಒಂದಕ್ಕೆ ಡ್ರಿಲ್ ಇಟ್ಟೆ, ಪಟಾಕಿಯಂತೆ ಸಿಡಿಯಿತು. ಚೂರುಗಳು ಇನ್ನೂ ಮೂಲೆಯಲ್ಲಿ ಸಿಗುತ್ತಿರುತ್ತವೆ.

ಖರ್ಚು ನೆನಪಿದ್ದಷ್ಟು: ಪೈ 1100, ಐಪಾಡ್ 450, ಝಿಫ್ ಬೋರ್ಡ್ ಎರಡು ಸಲ ತರಿಸಿದ್ದರಿಂದ ಏಳುನೂರರ ಮೇಲೆ, ಐಡಿಇ ಪರಿವರ್ತಕ 250, ಸೌಂಡ್ ಕಾರ್ಡ್, ಮೈಕು, ಹಬ್ ಸೇರಿ ನಾಲ್ಕುನೂರು. ಸತ್ತ ಕಾರ್ಡುಗಳನ್ನೂ ಸೇರಿಸಿದರೆ ನಾಲ್ಕು ಸಾವಿರ ದಾಟುತ್ತದೆ. ಅಸಲಿ ಕಾರ್ಡನ್ನು ಒಳ್ಳೆಯ ಅಂಗಡಿಯಲ್ಲಿ ಕೊಂಡಿದ್ದರೆ ಇದರ ಸುಮಾರು ಅರ್ಧದಲ್ಲಿ ಮುಗಿಯುತ್ತಿತ್ತು ಎಂದು ಹೆಂಡತಿ ಹೇಳುತ್ತಾಳೆ. ಅವಳ ಲೆಕ್ಕದಲ್ಲಿ ತಪ್ಪಿಲ್ಲ. ನನ್ನ ಸಮಯವನ್ನು ಅವಳು ಲೆಕ್ಕಕ್ಕೇ ಹಿಡಿದಿಲ್ಲ, ಅದು ಅವಳ ಔದಾರ್ಯ.

ಏಪ್ರಿಲ್ ಕೊನೆಯ ಆಟ ಮುಗಿದಾಗ ಡಿಸ್ಕಿನಲ್ಲಿ ಉಳಿದ ಜಾಗ ಎರಡು ಜಿಬಿಗೂ ಕಡಿಮೆ. ಎಲ್ಲವನ್ನೂ ಬೇರೆ ಎರಡು ಕಡೆ ನಕಲಿಸಿಟ್ಟಿದ್ದೇನೆ, ಹಳೆಯ ಡಿಸ್ಕನ್ನು ನಾನೂ ಅಷ್ಟು ನಂಬುವುದಿಲ್ಲ. ಇನ್ನೂ ಸರಿಯಾಗದ ಒಂದು ಕೊರತೆ ಇದೆ. ಪೈಗೆ ತನ್ನದೇ ಗಡಿಯಾರ ಇಲ್ಲ, ಇಂಟರ್ನೆಟ್ ಇಲ್ಲದ ಬಯಲಿನಲ್ಲಿ ಅದು ಹಾಕುವ ತಾರೀಕೆಲ್ಲ ತಪ್ಪು. ನೂರೈವತ್ತು ರೂಪಾಯಿಯ ಗಡಿಯಾರದ ಚಿಪ್ ಹಾಕಬಹುದು, ಇನ್ನೂ ಹಾಕಿಲ್ಲ. ಹಾಗಾಗಿ ಒಂಬತ್ತು ರೆಕಾರ್ಡಿಂಗ್‌ಗಳೂ ಶುರುವಾಗುವುದು ನನ್ನ ಒಡಕು ಧ್ವನಿಯಿಂದ: ಊರು, ಮೇಳ, ತಾರೀಕು, ಆಮೇಲೊಂದು ಕೆಮ್ಮು, ಅದರ ಹಿಂದೆಯೇ ಚಂಡೆ.