ಕಾರಿನ ನೆತ್ತಿಗೆ ಸೋಲಾರ್: ಕೊಳ್ಳುವ ಮೊದಲು ಲೆಕ್ಕ ಹಾಕುವುದು ಹೇಗೆ?

ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ್ದ ಕಾರಿನ ಸ್ಟೀರಿಂಗ್ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡವರಿಗೆಲ್ಲ ಈ ಯೋಚನೆ ಬಂದೇ ಇರುತ್ತದೆ. ಇಷ್ಟೊಂದು ಬಿಸಿಲು ಸುಮ್ನೆ ಹಾಳಾಗುತ್ತಿದೆ. ಕಾರಿನ ನೆತ್ತಿಗೇ ಒಂದು ಸೋಲಾರ್ ಪ್ಯಾನೆಲ್ ಕೂರಿಸಿದರೆ ಬ್ಯಾಟರಿ ತಾನಾಗೇ ತುಂಬಿಕೊಳ್ಳುವುದಿಲ್ಲವಾ? ಎಂಟು, ಹತ್ತು ಲಕ್ಷದ ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರ ಮನೆಗಳಲ್ಲಿ ಈಗ ಈ ಮಾತು ಜೋರಾಗಿದೆ.

ಪ್ರಶ್ನೆ ಒಳ್ಳೆಯದೇ. ಉತ್ತರ ತಿಳಿಯಲು ಇಂಜಿನಿಯರ್ ಆಗಬೇಕಿಲ್ಲ. ಒಂದು ಟೇಪು, ಒಂದು ಸೀಮೆಸುಣ್ಣ, ಮನೆಯ ಕರೆಂಟ್ ಬಿಲ್ಲು ಸಾಕು. ನಮ್ಮ ಊರಿನ ಬಿಸಿಲು, ನಮ್ಮ ಊರಿನ ದರ ಹಿಡಿದು ಒಂದೊಂದೇ ಹಂತ ನೋಡೋಣ.

ಮೊದಲು ಟೇಪು ಹಿಡಿಯಿರಿ

ಟಾಟಾ ಟಿಯಾಗೊ ಇವಿ ತರಹದ ಕಾರು ತೆಗೆದುಕೊಳ್ಳಿ. ಉದ್ದ 3.77 ಮೀಟರ್, ಅಗಲ 1.68 ಮೀಟರ್. ನೋಡಲು ದೊಡ್ಡದೇ. ಆದರೆ ಮುಂದಿನ ಗಾಜು ಮುಗಿದ ಮೇಲೆ, ಹಿಂದಿನ ಗಾಜು ಶುರುವಾಗುವ ಮೊದಲು, ನಿಜವಾಗಿ ಸಿಗುವ ನೆತ್ತಿ ಎಷ್ಟು? ಉದ್ದಕ್ಕೆ ಹೆಚ್ಚೂಕಡಿಮೆ ಒಂದೂವರೆ ಮೀಟರ್, ಅಗಲಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಅಂಚಿನ ಬಾಗು, ಆಂಟೆನಾ ಜಾಗ ಬಿಟ್ಟರೆ ಸುಮಾರು 1.4 ಚದರ ಮೀಟರ್ ಉಳಿಯುತ್ತದೆ. ಮನೆ ತಾರಸಿಗೆ ಹಾಕುವ 540 ವಾಟ್‌ನ ಒಂದೇ ಒಂದು ಪ್ಯಾನೆಲ್ ಎರಡು ಮೀಟರಿಗಿಂತ ಉದ್ದ ಇರುತ್ತದೆ. ಅದು ಈ ಕಾರಿನ ನೆತ್ತಿಗೆ ಹಿಡಿಸುವುದೇ ಇಲ್ಲ.

ಈಗಿನ ಒಳ್ಳೆಯ ಪ್ಯಾನೆಲ್ ಒಂದು ಚದರ ಮೀಟರಿಗೆ 200ರಿಂದ 220 ವಾಟ್ ಕೊಡುತ್ತದೆ. ಅಂದರೆ ನಿಮ್ಮ ಕಾರಿಗೆ ಹೆಚ್ಚೆಂದರೆ 300 ವಾಟ್. ಲಕ್ಷಾಂತರ ರೂಪಾಯಿ ಜಾಸ್ತಿ ಬೆಲೆಯ ಹ್ಯುಂಡೈ ಅಯೋನಿಕ್ 5 ಕಾರಿಗೆ ಕೆಲವು ದೇಶಗಳಲ್ಲಿ ಕೊಟ್ಟ ಸೋಲಾರ್ ನೆತ್ತಿಯೂ 205 ವಾಟ್‌ನದು. ಟೊಯೊಟಾ ಪ್ರಿಯಸ್‌ನದು 185. ಹಾಗಾಗಿ 300 ಅನ್ನುವುದು ಕೈ ಸಡಿಲ ಬಿಟ್ಟು ಹಿಡಿದ ಲೆಕ್ಕವೇ.

ಬಿಸಿಲನ್ನು ಯೂನಿಟ್ ಮಾಡುವುದು

ದಾವಣಗೆರೆ, ಚಿತ್ರದುರ್ಗಕ್ಕೆ ಬಿಸಿಲಿನ ಬರ ಇಲ್ಲ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂದಿದ್ದೇ ಈ ಬಯಲುಸೀಮೆಯ ಬಿಸಿಲು ನಂಬಿ. ವರ್ಷದ ಸರಾಸರಿ ಹಿಡಿದರೆ ನಮ್ಮಲ್ಲಿ ದಿನಕ್ಕೆ ಸುಮಾರು 5 ಗಂಟೆ ಪೂರ್ಣ ಬಿಸಿಲಿನಷ್ಟು ಶಕ್ತಿ ಸಿಗುತ್ತದೆ. ಬೆಳಗಿನ, ಸಂಜೆಯ ಇಳಿಬಿಸಿಲನ್ನೂ ಸೇರಿಸಿ ಕಟ್ಟಿದ ಲೆಕ್ಕ ಇದು. ಇನ್ನೊಂದು ಅನುಕೂಲವೂ ನಮಗಿದೆ. ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟ್ ಮಧ್ಯದಲ್ಲಿ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಹಾಗಾಗಿ ಚಪ್ಪಟೆ ಮಲಗಿರುವ ಪ್ಯಾನೆಲ್‌ಗೆ ಜರ್ಮನಿಯಲ್ಲಿ ಆಗುವಷ್ಟು ನಷ್ಟ ಇಲ್ಲಿ ಆಗುವುದಿಲ್ಲ.

ಸಾವಿರ ವಾಟ್ ಒಂದು ಗಂಟೆ ಸಿಕ್ಕರೆ ಒಂದು ಯೂನಿಟ್. ನಮ್ಮದು 300 ವಾಟ್, 5 ಗಂಟೆ. ಕಾಗದದ ಮೇಲೆ ಒಂದೂವರೆ ಯೂನಿಟ್. ಈಗ ಕಳೆಯುತ್ತಾ ಬನ್ನಿ.

ದೊಡ್ಡ ಕಳ್ಳ ಯಾರು ಗೊತ್ತಾ? ಅದೇ ಬಿಸಿಲು. ಪ್ಯಾನೆಲ್ ಮೇಲೆ ಬರೆದಿರುವ ವಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಂತೆ ಶೇ 0.3ರಿಂದ 0.4ರಷ್ಟು ಕರೆಂಟು ಕಡಿಮೆ ಆಗುತ್ತದೆ. ತಾರಸಿಯ ಪ್ಯಾನೆಲ್ ಕೆಳಗೆ ಗಾಳಿ ಆಡುತ್ತದೆ. ಕಾರಿನದು ಕಾದ ತಗಡಿಗೇ ಅಂಟಿಕೊಂಡಿರುತ್ತದೆ, 65 ಡಿಗ್ರಿ ಮುಟ್ಟುವುದು ಸುಲಭ. ಅಲ್ಲೇ ಶೇ 14 ಹೋಯಿತು. ಮೇಲೆ ಧೂಳು. ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂರುವ ಊರು ನಮ್ಮದು. ಪ್ಯಾನೆಲ್‌ನ 30, 40 ವೋಲ್ಟನ್ನು ಕಾರಿನ ದೊಡ್ಡ ಬ್ಯಾಟರಿಯ ನೂರಾರು ವೋಲ್ಟ್‌ಗೆ ಏರಿಸುವಾಗ ಇನ್ನಷ್ಟು ಸೋರುತ್ತದೆ. ಎಲ್ಲ ಕಳೆದು ಕೈಗೆ ಬರುವುದು ದಿನಕ್ಕೆ ಒಂದು ಯೂನಿಟ್.

ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ 7, 8 ಕಿ.ಮೀ. ಓಡುತ್ತದೆ. ಅಂದರೆ ಇಡೀ ದಿನ ಬಯಲಲ್ಲಿ ನಿಂತರೆ 7 ಕಿ.ಮೀ.

ಸೀಮೆಸುಣ್ಣದ ಪರೀಕ್ಷೆ

‘ಇಡೀ ದಿನ ಬಯಲಲ್ಲಿ’ ಅಂದೆವಲ್ಲ, ಅದನ್ನೇ ಈಗ ಪರೀಕ್ಷೆ ಮಾಡಬೇಕು. ರಜೆ ಇರುವ ಒಂದು ದಿನ ಕಾರು ಮಾಮೂಲಿ ನಿಲ್ಲುವ ಜಾಗಕ್ಕೆ ಹೋಗಿ. ಬೆಳಿಗ್ಗೆ 9, 11, ಮಧ್ಯಾಹ್ನ 1, 3 ಗಂಟೆಗೆ ನೆರಳಿನ ಅಂಚಿಗೆ ನೆಲದ ಮೇಲೆ ಗೆರೆ ಎಳೆಯಿರಿ. ಪಕ್ಕದ ಮನೆಯ ಎರಡನೇ ಮಹಡಿ, ಬೇವಿನ ಕೊಂಬೆ, ನೀರಿನ ಟ್ಯಾಂಕ್, ಕಂಬದ ತಂತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ನೆರಳು ಸ್ವಲ್ಪ ಬಿದ್ದರೆ ನಷ್ಟವೂ ಸ್ವಲ್ಪವೇ ಅಂದುಕೊಳ್ಳಬೇಡಿ. ಪ್ಯಾನೆಲ್ ಒಳಗಿನ ಬಿಲ್ಲೆಗಳು ಒಂದರ ಹಿಂದೆ ಒಂದು ಸರದಂತೆ ಜೋಡಿಸಿರುತ್ತವೆ. ಒಂದು ಬಿಲ್ಲೆಗೆ ನೆರಳು ಬಿದ್ದರೂ ಆ ಸಾಲಿನ ಹರಿವು ಕುಗ್ಗುತ್ತದೆ. ಸಾಮಾನ್ಯವಾಗಿ ಪ್ಯಾನೆಲ್‌ನಲ್ಲಿ ಇಂಥ ಮೂರು ಗುಂಪು ಇರುತ್ತವೆ. ಅಂಗೈ ಅಗಲದ ಎಲೆಗೊಂಚಲಿನ ನೆರಳು ಒಂದು ಗುಂಪನ್ನೇ ಕೂರಿಸಿಬಿಟ್ಟರೆ ಮೂರರಲ್ಲಿ ಒಂದು ಪಾಲು ಕರೆಂಟು ಹೋದಂತೆ. ಪಿ.ಜೆ. ಬಡಾವಣೆಯ ಮರಗಳ ಸಾಲಿನ ಕೆಳಗೆ ಕಾರು ನಿಲ್ಲಿಸುವವರು ಇಲ್ಲಿಗೇ ಈ ಆಸೆ ಬಿಡಬಹುದು. ಆ ಮರದ ನೆರಳೇ ಅವರ ಕಾರಿಗೆ ಹೆಚ್ಚು ಲಾಭ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಿಸಿಲಲ್ಲಿ ನಿಂತ ಕಾರಿನ ಖರ್ಚು

ಇದು ಜಾಹೀರಾತಿನಲ್ಲಿ ಬರದ ಲೆಕ್ಕ. ಪ್ಯಾನೆಲ್‌ಗೆ ಬಿಸಿಲು ಬೇಕು ಅಂತ ಕಾರನ್ನು ಬಯಲಲ್ಲಿ ನಿಲ್ಲಿಸಿದಿರಿ. ಸಂಜೆ ಬಾಗಿಲು ತೆಗೆದರೆ ಒಳಗೆ ಕುಲುಮೆ. ಎಸಿ ಹಾಕದೆ ಕೂರಲಿಕ್ಕೇ ಆಗುವುದಿಲ್ಲ. ಕಾದ ಕಾರನ್ನು ತಣ್ಣಗೆ ಮಾಡುವ ಮೊದಲ ಹದಿನೈದು ನಿಮಿಷ ಎಸಿ ಒಂದೂವರೆ ಕಿಲೋವಾಟ್ ಆಸುಪಾಸು ಎಳೆಯುತ್ತದೆ. ನೆರಳಲ್ಲಿ ನಿಂತ ಕಾರಿಗೆ ಹೋಲಿಸಿದರೆ ಒಂದೊಂದು ಸಲಕ್ಕೆ ಕಾಲು ಯೂನಿಟ್ಟಾದರೂ ಜಾಸ್ತಿ ಹೋಗುತ್ತದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಹೋಗುವವರಿಗೆ ಇದು ದಿನಕ್ಕೆ ಎರಡು, ಮೂರು ಸಲ. ಗಳಿಸಿದ್ದು ಒಂದು ಯೂನಿಟ್, ಕಳೆದುಕೊಂಡಿದ್ದು ಅರ್ಧ.

ಅದಕ್ಕಿಂತ ನನಗೆ ಚಿಂತೆ ಆಗುವುದು ಬ್ಯಾಟರಿಯ ಬಗ್ಗೆ. ಲಿಥಿಯಂ ಬ್ಯಾಟರಿಗೆ ಶಾಖ ಆಗುವುದಿಲ್ಲ. ದಿನವೂ ಕಾದರೆ ಅದರ ಆಯುಸ್ಸು ಬೇಗ ಸವೆಯುತ್ತದೆ. ಕಾರಿನಲ್ಲಿ ಅತಿ ದುಬಾರಿ ವಸ್ತು ಅದೇ. ಅದನ್ನು ಬಿಸಿಲಿಗೆ ಒಡ್ಡಿ ದಿನಕ್ಕೆ ಒಂದು ಯೂನಿಟ್ ಉಳಿಸುವುದು ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ.

ರೂಪಾಯಿಗೆ ತನ್ನಿ

ಬೆಸ್ಕಾಂ ಮನೆ ದರ, ಸಣ್ಣಪುಟ್ಟ ಸೇರ್ಪಡೆಗಳೆಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಅಂತಿಟ್ಟುಕೊಳ್ಳಿ. ದಿನಕ್ಕೊಂದು ಯೂನಿಟ್, ವರ್ಷಕ್ಕೆ 300 ಒಳ್ಳೆಯ ದಿನ. ಉಳಿತಾಯ 2,100 ರೂಪಾಯಿ. ನೆರಳು, ಎಸಿ ಸೇರಿಸಿದರೆ ಅದರ ಅರ್ಧ.

ದಾವಣಗೆರೆಯಂಥ ಊರಲ್ಲಿ 7 ಕಿ.ಮೀ. ಅಂದರೆ ಕಡಿಮೆ ಏನಲ್ಲ. ಎಂಸಿಸಿ ‘ಬಿ’ ಬ್ಲಾಕಿನಿಂದ ಪೇಟೆಗೆ ಹೋಗಿ ಮಗುವನ್ನು ಶಾಲೆಯಿಂದ ಕರೆತರುವವರಿಗೆ ಒಂದು ದಿನದ ಓಡಾಟವೇ ಅಷ್ಟು. ಆದರೆ ಆ 7 ಕಿ.ಮೀ. ಓಡಿಸಲು ಬೇಕಾದ ಕರೆಂಟಿಗೆ 7 ರೂಪಾಯಿ, ಅಷ್ಟೇ. ಎಲೆಕ್ಟ್ರಿಕ್ ಕಾರು ಮೊದಲೇ ಇಷ್ಟು ಅಗ್ಗವಾಗಿ ಓಡುವುದರಿಂದ ಪುಕ್ಕಟೆ ಕರೆಂಟೂ ಉಳಿಸಿಕೊಡುವುದು ಪುಡಿಗಾಸು. ಪ್ಯಾನೆಲ್, ಅದರ ಕಂಟ್ರೋಲರ್, ಕೂರಿಸುವ ಕೂಲಿ ಎಲ್ಲ ಸೇರಿ 10,000 ದಾಟಿದರೆ ಹಾಕಿದ ದುಡ್ಡು ವಾಪಸ್ ಬರುವ ಹೊತ್ತಿಗೆ ಕಾರೇ ಹಳೆಯದಾಗಿರುತ್ತದೆ.

ಹೈವೇಯಲ್ಲಂತೂ ಮಾತೇ ಬೇಡ. ಇಲ್ಲಿಂದ ದುರ್ಗಕ್ಕೆ 60 ಕಿ.ಮೀ. ಚಿಲ್ಲರೆ, ಎಂಟು ಯೂನಿಟ್ ಬೇಕು. ಆ ಒಂದು ಗಂಟೆಯ ದಾರಿಯಲ್ಲಿ ನೆತ್ತಿಯ ಪ್ಯಾನೆಲ್ ಕೊಡುವುದು ಎರಡು ಕಿ.ಮೀ.ಗೂ ಸಾಲದ ಕರೆಂಟು.

ಹೊರಗಿನವರ ಅನುಭವವೂ ಇದನ್ನೇ ಹೇಳುತ್ತದೆ. ನೆದರ್ಲೆಂಡ್ಸ್‌ನ ಲೈಟ್‌ಇಯರ್ 0 ಕಾರಿನ ಮೈಮೇಲೆ 5 ಚದರ ಮೀಟರ್ ಪ್ಯಾನೆಲ್ ಇತ್ತು, ಬೆಲೆ ಎರಡೂವರೆ ಲಕ್ಷ ಯೂರೊ. 2023ರ ಜನವರಿಯಲ್ಲಿ ತಯಾರಿಕೆ ನಿಂತಿತು. ಜರ್ಮನಿಯ ಸೋನೊ ಮೋಟರ್ಸ್ ‘ಸಿಯಾನ್’ ಎಂಬ ಕೈಗೆಟಕುವ ಸೋಲಾರ್ ಕಾರು ಮಾಡಲು ಹೊರಟು ಮರುತಿಂಗಳೇ ಕೈಬಿಟ್ಟಿತು.

ನಮ್ಮ ದೇಶದಲ್ಲಿ ಪುಣೆಯ ವೇವ್ ಮೊಬಿಲಿಟಿ 2025ರ ಜನವರಿಯಲ್ಲಿ ‘ಇವಾ’ ಎಂಬ ಪುಟ್ಟ ಕಾರು ತಂದಿದೆ. ಸೋಲಾರ್‌ನಿಂದ ದಿನಕ್ಕೆ 10 ಕಿ.ಮೀ. ಸಿಗುತ್ತದೆ ಅನ್ನುವುದು ಕಂಪನಿಯ ಮಾತು. ನಮ್ಮ ಲೆಕ್ಕಕ್ಕೆ ಅದು ಹೊಂದುತ್ತದೆ. ಇಬ್ಬರು ದೊಡ್ಡವರು, ಒಂದು ಮಗು ಕೂರುವ ಹಗುರ ಗಾಡಿ ಒಂದು ಯೂನಿಟ್‌ಗೆ ಹೆಚ್ಚು ದೂರ ಓಡುತ್ತದೆ. ಗಾಡಿ ಹಗುರ ಆದಷ್ಟೂ, ನಿಧಾನ ಆದಷ್ಟೂ ಸೋಲಾರ್‌ಗೆ ಅರ್ಥ ಬರುತ್ತದೆ.

ಹೊರಗಡೆ ಪ್ಯಾನೆಲ್ ತಂದು ಕಟ್ಟಿಸಬಹುದಾ?

ಬೇಡ. ಕಾರಿನ ದೊಡ್ಡ ಬ್ಯಾಟರಿಗೆ ಹೊರಗಿನ ತಂತಿ ಕೊಡುವುದು ಜೀವಕ್ಕೆ ಅಪಾಯ. ವಾರಂಟಿ ಹೋಗುತ್ತದೆ. ಕಂಪನಿ ಮಾಡಿದ ರೂಪವನ್ನು ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಮಾಮೂಲಿ ಚಾರ್ಜಿಂಗ್ ಪ್ಲಗ್ಗಿಗೆ ಕೊಡೋಣ ಅಂದರೆ, ಅದಕ್ಕೆ ಕಡಿಮೆ ಅಂದರೂ 6 ಆಂಪಿಯರ್, ಅಂದರೆ ಸುಮಾರು 1,400 ವಾಟ್ ಬೇಕು. 300 ವಾಟ್ ಅದನ್ನು ಎಬ್ಬಿಸುವುದೂ ಇಲ್ಲ.

ಒಂದು ಉಪಯೋಗ ಮಾತ್ರ ಇದೆ. ತಿಂಗಳುಗಟ್ಟಲೆ ನಿಂತೇ ಇರುವ ಕಾರಿನ 12 ವೋಲ್ಟ್ ಸಣ್ಣ ಬ್ಯಾಟರಿ ಇಳಿದುಹೋಗುತ್ತದೆ. ಅದಕ್ಕೆ 10, 20 ವಾಟ್‌ನ ಪುಟ್ಟ ಪ್ಯಾನೆಲ್ ಸಾಕು. ನಿಸ್ಸಾನ್ ಲೀಫ್ ಕಾರಿನ 2011ರ ಒಂದು ಮಾದರಿಯಲ್ಲಿ ಕಂಪನಿಯೇ ಅಂಥದ್ದನ್ನು ಹಿಂಬದಿಗೆ ಕೂರಿಸಿತ್ತು.

ಹಾಗಾದರೆ ಏನು ಮಾಡಬೇಕು?

ಅದೇ ಪ್ಯಾನೆಲ್‌ಗಳನ್ನು ಕಾರು ನಿಲ್ಲುವ ಜಾಗದ ಮೇಲೆ ಚಪ್ಪರದಂತೆ ಹಾಕಿ. 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಚಪ್ಪರಕ್ಕೆ ಎರಡು ಕಿಲೋವಾಟ್ ಆರಾಮಾಗಿ ಹಿಡಿಸುತ್ತದೆ. ದಿನಕ್ಕೆ ಸುಮಾರು 8 ಯೂನಿಟ್, ಅಂದರೆ 50 ಕಿ.ಮೀ. ಮೇಲೆ. ಕಾರಿಗೆ ನೆರಳು, ಪ್ಯಾನೆಲ್ ಕೆಳಗೆ ಗಾಳಿ. ಜಾಗ ಇಲ್ಲದವರಿಗೆ ತಾರಸಿ ಇದೆ. ಒಂದು ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ಬೇಕು. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಆಸುಪಾಸು ಓರೆ ಇರಲಿ. ನೆಟ್ ಮೀಟರ್ ಇದ್ದರೆ ಹಗಲು ಬೆಸ್ಕಾಂಗೆ ಕೊಟ್ಟು, ರಾತ್ರಿ ಕಾರಿಗೆ ತೆಗೆದುಕೊಳ್ಳಬಹುದು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 78,000 ರೂಪಾಯಿ ಸಬ್ಸಿಡಿ ಇದೆ. ದೇಶದಲ್ಲೇ ತಯಾರಾದ ಪ್ಯಾನೆಲ್ ಆಗಿರಬೇಕು. ಚಪ್ಪರಕ್ಕೂ ಸಬ್ಸಿಡಿ ಬೇಕಿದ್ದರೆ ಕಬ್ಬಿಣ ತರುವ ಮೊದಲೇ ವಿಚಾರಿಸಿ.

ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ಲೆಕ್ಕ ಹಾಕಲೇಬೇಕು. ತಿಂಗಳಿಗೆ 120 ಯೂನಿಟ್ ಬಳಸುವ ಮನೆಗೆ ಕಾರು ಬಂತು ಅಂದುಕೊಳ್ಳಿ. ದಿನಕ್ಕೆ 25 ಕಿ.ಮೀ. ಓಡಿಸಿದರೆ ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ ತಿಂಗಳಿಗೆ ಇನ್ನೂ 120 ಯೂನಿಟ್. ಒಟ್ಟು 240. 200 ದಾಟಿದ ಕೂಡಲೇ ಪೂರ್ತಿ ಬಿಲ್ ಕಟ್ಟಬೇಕು, ಹಳೆಯ 120ಕ್ಕೂ ಸೇರಿಸಿ. ಶೋರೂಮ್‌ನವರು ಹೇಳುವ ‘ಕಿಲೋಮೀಟರಿಗೆ ಒಂದು ರೂಪಾಯಿ’ ಆಗ ಎರಡು ರೂಪಾಯಿ ದಾಟುತ್ತದೆ. ಕಾರು ಬುಕ್ ಮಾಡುವ ಮೊದಲೇ ಹಿಂದಿನ 12 ತಿಂಗಳ ಬಿಲ್ಲು ತೆಗೆದು ಈ ಗೆರೆ ಎಲ್ಲಿದೆ ನೋಡಿಕೊಳ್ಳಿ.

ಬಿಲ್ಲಿನಲ್ಲೇ ಮಂಜೂರಾದ ಲೋಡ್ ಎಷ್ಟು ಅಂತಲೂ ಇರುತ್ತದೆ. 2 ಕಿಲೋವಾಟ್ ಅಂತಿದ್ದರೆ ಕಾರಿಗೆ ಸಾಲದು, ಬೆಸ್ಕಾಂಗೆ ಅರ್ಜಿ ಕೊಟ್ಟು ಏರಿಸಿಕೊಳ್ಳಿ. ಕಾರಿಗೆ ಅಂತಲೇ ಬೇರೆ ಲೈನ್, 4 ಚದರ ಮಿ.ಮೀ. ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ (ಲೋಡ್ ಮಿತಿಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು), ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಇರಲಿ. ಗೀಸರ್‌ನ ಪಾಯಿಂಟಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ರಾತ್ರಿಯೆಲ್ಲ ಚಾರ್ಜ್ ಮಾಡುವುದು ಖಂಡಿತ ಬೇಡ.

ದುರ್ಗದ ಕಡೆಯವರಿಗೆ ಎರಡು ಮಾತು ಜಾಸ್ತಿ. ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವ ಊರು ಅದು. ಆಷಾಢದ ಗಾಳಿ ಚಪ್ಪರದ ಪ್ಯಾನೆಲ್‌ಗಳನ್ನು ಕೆಳಗಿನಿಂದ ಎತ್ತುತ್ತದೆ. ಕಂಬಗಳಿಗೆ ಕಾಂಕ್ರೀಟಿನ ಬುಡ ಬೇಕು, ನೆಲಹಾಸಿಗೆ ಬೋಲ್ಟ್ ಬಿಗಿದರೆ ನಿಲ್ಲುವುದಿಲ್ಲ. ಎರಡನೆಯದು ಅರ್ಥಿಂಗ್. ಕಲ್ಲುನೆಲ, ಒಣಮಣ್ಣಿನಲ್ಲಿ ಅರ್ಥಿಂಗ್ ಸರಿಯಾಗಿ ಕೂರುವುದಿಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಗುಂಡಿಯನ್ನು ಆಳವಾಗಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿದು ಅಳತೆ ತೆಗೆಸಿ. ಈ ಅಳತೆಯನ್ನು ಮಳೆಗಾಲದಲ್ಲಲ್ಲ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ತೆಗೆಸಬೇಕು, ನೆಲ ಪೂರ್ತಿ ಒಣಗಿರುವಾಗ.