ಹೆರಿಗೆಯ ನಂತರದ ಬಾಲಮೂಳೆ ನೋವು: ನಾನು ಮಾಡಿಕೊಂಡ ಫಿಸಿಯೋಥೆರಪಿ

ನಾನು ಫಿಸಿಯೋಥೆರಪಿಸ್ಟ್. ಆದರೂ ಬಾಲಮೂಳೆ, ಅಂದರೆ ಬೆನ್ನೆಲುಬಿನ ಕೆಳತುದಿಯ ಮೂಳೆಯ ನೋವು ಏನು ಅಂತ ಸರಿಯಾಗಿ ಗೊತ್ತಾಗಿದ್ದು ನನ್ನ ಹೆರಿಗೆ ಆದ ಮೇಲೆ. ಮಗುವನ್ನು ವ್ಯಾಕ್ಯೂಮ್ ಹಾಕಿ ತೆಗೆದಿದ್ದರು. ನಡೆದರೆ ತೊಂದರೆ ಇಲ್ಲ. ಕೂತರೆ ನೋವು. ಕೂತಲ್ಲಿಂದ ಏಳುವಾಗಂತೂ ಚಳಕ್ ಅನ್ನುತ್ತಿತ್ತು.

ಮಗುವಿನ ತಲೆ ಹೊರಬರುವಾಗ ಬಾಲಮೂಳೆಯನ್ನು ಹಿಂದಕ್ಕೆ ತಳ್ಳುತ್ತದೆ. ಅಲ್ಲಿನ ಕೀಲು ಉಳುಕಬಹುದು. ಇನ್ನೊಂದು ವಿಷಯವಿದೆ. ಗರ್ಭಕೋಶ, ಮೂತ್ರಚೀಲಗಳನ್ನು ಜೋಳಿಗೆಯ ಹಾಗೆ ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಇದೇ ಮೂಳೆಗೆ ಅಂಟಿಕೊಂಡಿವೆ. ನೋವಾದಾಗ ಅವು ಬಿಗಿಯುತ್ತವೆ, ಮೂಳೆಯನ್ನು ಎಳೆಯುತ್ತವೆ, ನೋವು ಇನ್ನೂ ಜಾಸ್ತಿಯಾಗುತ್ತದೆ.

ಹಾಗಾಗಿ ನಾನು ಮೊದಲು ನಿಲ್ಲಿಸಿದ್ದು ಕೀಗಲ್ ವ್ಯಾಯಾಮವನ್ನು, ಅಂದರೆ ಮೂತ್ರ ತಡೆಹಿಡಿಯುವ ಹಾಗೆ ಈ ಸ್ನಾಯುಗಳನ್ನು ಬಿಗಿದು ಬಿಡುವುದನ್ನು. ಮೂತ್ರ ಸೋರುವವರಿಗೆ ಅದು ಒಳ್ಳೆಯದೇ. ಆದರೆ ಮೊದಲೇ ಬಿಗಿದಿರುವ ಸ್ನಾಯುವನ್ನು ಮತ್ತೆ ಬಿಗಿಯೋದು ಯಾಕೆ, ಅಲ್ವಾ? ಬದಲಿಗೆ ಪಕ್ಕಕ್ಕೆ ಮಲಗಿ, ಮಂಡಿಗಳ ನಡುವೆ ದಿಂಬಿಟ್ಟು, ಹೊಟ್ಟೆ ಉಬ್ಬುವ ಹಾಗೆ ನಿಧಾನಕ್ಕೆ ಉಸಿರೆಳೆಯುತ್ತಿದ್ದೆ. ಮೂತ್ರ ಬಿಡುವಾಗ ಕೆಳಗೆ ಸಡಿಲ ಆಗುತ್ತಲ್ಲ, ಆ ಅನುಭವ ಬರಬೇಕು. ತಿಣುಕಬಾರದು. ನೋಡಿದವರಿಗೆ ಸುಮ್ನೆ ಮಲಗಿದ ಹಾಗೆ ಕಾಣುತ್ತೆ, ಆದರೆ ನನಗೆ ಎಲ್ಲಕ್ಕಿಂತ ಕೆಲಸ ಮಾಡಿದ್ದು ಇದೇ.

ಬಾಣಂತಿ ಕೋಣೆಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ ಹಾಲುಣಿಸುವುದು ನಮ್ಮಲ್ಲಿ ರೂಢಿ. ಹಿಂದಕ್ಕೆ ಜಾರಿ ಕೂತರೆ ಭಾರವೆಲ್ಲ ಬಾಲಮೂಳೆಯ ಮೇಲೆ. ನಾನು ಪಕ್ಕಕ್ಕೆ ಮಲಗಿ ಕುಡಿಸಲು ಶುರು ಮಾಡಿದೆ. "ಮಲಗಿ ಕುಡಿಸಬೇಡ್ವೇ, ಕಿವಿಗೆ ಹೋಗುತ್ತೆ" ಅಂತ ಅಮ್ಮ ಬೈದರು. ಮಗುವಿನ ತಲೆ ಸ್ವಲ್ಪ ಎತ್ತರದಲ್ಲಿಟ್ಟು ರಾಜಿಯಾದೆವು. ತೂಕಡಿಕೆ ಬರುವಾಗ ಮಾತ್ರ ಹಾಗೆ ಕುಡಿಸಬೇಡಿ.

ಉಂಗುರದಂಥ ದಿಂಬು ನನಗೆ ಒಗ್ಗಲಿಲ್ಲ, ಅದರ ಹಿಂದಿನ ಅಂಚು ಅಲ್ಲೇ ಒತ್ತುತ್ತಿತ್ತು. ಹಿಂಭಾಗ ಕತ್ತರಿಸಿದ 'ಯು' ಆಕಾರದ ದಿಂಬು ಸರಿಹೋಯಿತು. ಏಳುವಾಗ ಕುರ್ಚಿಯ ಅಂಚಿಗೆ ಜರುಗಿ, ಸೊಂಟದಿಂದ ಮುಂದಕ್ಕೆ ಬಾಗಿ, ಆಮೇಲೆ ಎದ್ದೆ. ಇಷ್ಟಕ್ಕೇ ಚಳಕು ಅರ್ಧ ಕಡಿಮೆ.

ಒಂದನ್ನು ನಾನೇ ಮಾಡಿಕೊಳ್ಳಲು ಆಗಲಿಲ್ಲ. ಹೊಲಿಗೆ ಒಣಗಿ, ಡಾಕ್ಟರು ಒಪ್ಪಿದ ಮೇಲೆ, ತರಬೇತಿ ಪಡೆದ ಗೆಳತಿಯೊಬ್ಬಳು ಕೈಗವಸು ಹಾಕಿ, ಗುದದ್ವಾರದ ಮೂಲಕ ಬೆರಳಿನಿಂದ ಆ ಸ್ನಾಯುಗಳನ್ನು ಸಡಿಲಿಸಿದಳು. ಮೂಳೆಯನ್ನೂ ಮೆಲ್ಲಗೆ ಆಡಿಸಿದಳು. ಮುಜುಗರ ಆಗೇ ಆಗುತ್ತೆ. ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಮಾಡುವಂತಿಲ್ಲ, ನಡುವೆ ಸಾಕು ಅಂದರೆ ನಿಲ್ಲಿಸಲೇಬೇಕು. ಎಲ್ಲ ಫಿಸಿಯೋಗಳಿಗೂ ಇದು ಬರುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಬಾಣಂತಿಗೆ ನೀರು ಕಡಿಮೆ ಕೊಡಬೇಕು ಅನ್ನೋ ಮಾತನ್ನು ನಾನು ಕೇಳಲಿಲ್ಲ. ಮಲಬದ್ಧತೆಯಾಗಿ ತಿಣುಕಿದರೆ ಮಾಡಿದ್ದೆಲ್ಲ ಹಾಳು. ಬಿಸಿನೀರಿನ ಸ್ನಾನ ಹಿತವಾಗಿತ್ತು, ಆದರೆ ಎಣ್ಣೆ ತಿಕ್ಕುವವರಿಗೆ ಆ ಮೂಳೆಯನ್ನು ಒತ್ತಬೇಡಿ ಅಂದಿದ್ದೆ.

ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಜ್ವರ, ಕೀವು, ತೊಡೆಸಂದಿನಲ್ಲಿ ಜೋಮು, ಕಾಲಿನಲ್ಲಿ ಬಲ ಇಲ್ಲದಿರುವುದು, ಮಲಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ಬಿಟ್ಟು ಅವತ್ತೇ ಡಾಕ್ಟರ ಹತ್ತಿರ ಹೋಗಿ.